ಆಯಾಸವರಿಯದ ಪಂಡಿತರು

ಶ್ರದ್ಧಾಂಜಲಿ ಸಭೆಯ ಅಧ್ಯಕ್ಷರು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ನಮ್ಮ ಪಂಡಿತರಿಗೆ ಆಯಾಸ ಎಂಬ ಪದದ ಅರ್ಥವೇ ಗೊತ್ತಿರಲಿಲ್ಲ" ಎಂದರು. ಸಭೆ ತಲೆದೂಗಿತು. ಹಿಂದಿನ ಸಾಲಿನಲ್ಲಿ ಯಾರೋ "ನಿಜ, ನಿಜ" ಎಂದರು. ಸತ್ತವರ ಬಗ್ಗೆ ಸುಳ್ಳು ಹೇಳುವುದು ನಮ್ಮಲ್ಲಿ ಒಂದು ಸಂಸ್ಕಾರ, ಆದ್ದರಿಂದ ನಾನೂ ತಲೆದೂಗಿದೆ. ಆದರೆ ಆ ಪದದ ಅರ್ಥ ಅವರಿಗೆ ಎಷ್ಟು ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೂ ಹೇಳದೆ ಹೋದದ್ದರಿಂದ ಒಂದು ಮಧ್ಯಾಹ್ನ ಏನಾಗಲಿತ್ತು ಎಂಬುದನ್ನು ಬಲ್ಲವನು ಆ ಸಭೆಯಲ್ಲಿ ನಾನೊಬ್ಬನೇ. ನನ್ನ ಅಂಗಿಯ ಜೇಬಿನಲ್ಲಿ ಅವರು ಬರೆದ ಕೊನೆಯ ಕಾರ್ಡು ಇತ್ತು. ಎದ್ದು ಓದಬಹುದಿತ್ತು. ಓದಲಿಲ್ಲ. ಗೊತ್ತಿದ್ದೂ ಸುಮ್ಮನಿರುವ ವಿದ್ಯೆಯನ್ನು ನಾನು ಕಲಿತದ್ದೇ ಅವರ ಪಕ್ಕದಲ್ಲಿ ಕೂತು.

ಐವತ್ತರ ದಶಕದ ಕೊನೆಯ ವರ್ಷಗಳು. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಶಿಡ್ಲಘಟ್ಟಕ್ಕೆ ವಿಜ್ಞಾನದ ಮೇಷ್ಟ್ರಾಗಿ ಬಂದಾಗ ಊರಿನಲ್ಲಿ ನನಗೆ ಪರಿಚಯವಾದ ಮೊದಲ ಸಂಗತಿ ರೇಷ್ಮೆಗೂಡು ಬೇಯಿಸುವ ವಾಸನೆ, ಎರಡನೆಯದು ಶಾಲೆಯ ಕನ್ನಡ ಪಂಡಿತರು. ವಾಸನೆಗೆ ಒಂದು ವಾರದಲ್ಲಿ ಒಗ್ಗಿಹೋದೆ.

ಕೆಲಸಕ್ಕೆ ಹಾಜರಾಗಿದ್ದೇನೆಂದು ನಾನು ಬರೆದುಕೊಟ್ಟ ನಾಲ್ಕು ಸಾಲಿನ ಕಾಗದವನ್ನು ಅವರು ಹೆಡ್‌ಮಾಸ್ತರರ ಮೇಜಿನಿಂದ ಎತ್ತಿಕೊಂಡು, ನಿಂತಲ್ಲೇ ತಿದ್ದಿ, ನನ್ನ ಕೈಗೇ ವಾಪಸು ಕೊಟ್ಟರು. ಅವರ ಹತ್ತಿರ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ ಇರುವ ಪೆನ್ಸಿಲು ಸದಾ ಇರುತ್ತಿತ್ತು. ನೀಲಿ ಕಾಗುಣಿತದ ತಪ್ಪಿಗೆ, ಕೆಂಪು ತೆಲುಗಿಗೆ. ನಾನು ಮೈಸೂರಿನವನಾದ್ದರಿಂದ ಕೆಂಪಿಗೆ ಕೆಲಸ ಸಿಗಲಿಲ್ಲ. ಆ ನಿರಾಸೆಯನ್ನು ಅವರು ನೀಲಿಯಲ್ಲಿ ತೀರಿಸಿಕೊಂಡರು. ಅಂದಿನಿಂದ ನನ್ನನ್ನು "ಬೀಎಸ್ಸಿ" ಎಂದೇ ಕರೆದರು. ನನಗೊಂದು ಹೆಸರಿದೆ ಎಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ, ಕೊನೆಯವರೆಗೂ ಸ್ಪಷ್ಟವಾಗಲಿಲ್ಲ.

ಕೆಂಪು ಪೆನ್ಸಿಲಿಗೆ ಮಾತ್ರ ಆ ಸೀಮೆಯಲ್ಲಿ ಬಿಡುವೇ ಇರಲಿಲ್ಲ. ಅರ್ಧ ಊರು ಮನೆಯಲ್ಲಿ ತೆಲುಗಾಡಿ ಬೀದಿಯಲ್ಲಿ ಕನ್ನಡ ಆಡುತ್ತಿತ್ತು, ಎರಡೂ ಭಾಷೆಯಲ್ಲಿ ಒಂದೇ ರೂಪವಿದ್ದು ಬೇರೆ ಅರ್ಥವಿರುವ ಪದಗಳು ಹೊಸ್ತಿಲಲ್ಲಿ ಎಡವುತ್ತಿದ್ದವು. ನಮ್ಮ ಡ್ರಿಲ್ ಮೇಷ್ಟ್ರು ದಿನಾ ಚಿಂತಾಮಣಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ತಡವಾಗಿ ಬಂದು, ಹಾಜರಿ ಪುಸ್ತಕದಲ್ಲಿ "ಬಸ್ಸು ಆಲಸ್ಯ" ಎಂದು ಕಾರಣ ಬರೆದರು. ತೆಲುಗಿನವರಿಗೆ ಆಲಸ್ಯವೆಂದರೆ ತಡ. ಪಂಡಿತರು ಪುಸ್ತಕವನ್ನು ಎತ್ತಿ ಹಿಡಿದು, "ಬಸ್ಸಿಗೆ ಆಲಸ್ಯವಂತೆ. ಪಾಪ, ಬೆಳಿಗ್ಗೆ ಹಾಸಿಗೆ ಬಿಟ್ಟೇಳಲು ಅದಕ್ಕೆ ಮೈ ಬಗ್ಗಲಿಲ್ಲವೆಂದು ಕಾಣುತ್ತದೆ" ಎಂದರು.

"ನಮ್ ಕಡೆ ಹಂಗೇ ಅಂತಾರೆ ಪಂಡಿತ್ರೇ."

"ನಿಮ್ಮ ಕಡೆ ಬಸ್ಸುಗಳೂ ನಿಮ್ಮ ಹಾಗೆಯೇ ಇರುತ್ತವೆ, ಬಿಡಿ."

ಯಾರಾದರೂ "ನೀರು ಅವಸರ ಇದೆ" ಎಂದರೆ, ಬೇಕಾಗಿದೆ ಎಂಬ ತೆಲುಗಿನ ಅರ್ಥ ಗೊತ್ತಿದ್ದೂ, "ಅವಸರವಿದ್ದರೆ ಓಡಿಹೋಗಿ ಕುಡಿ" ಎನ್ನುವರು. ಹೀಗೆ ಊರಿನವರೆಲ್ಲ ಅವರ ಎದುರು ಬಾಯಿ ತೆರೆಯುವ ಮುನ್ನ ಒಮ್ಮೆ ಯೋಚಿಸುತ್ತಿದ್ದರು. ಇದನ್ನು ಪಂಡಿತರು ಭಾಷಾಭಿಮಾನ ಜಾಗೃತವಾದ ಲಕ್ಷಣವೆಂದು ತಿಳಿದಿದ್ದರು.

ಅವರೇ ತೆಲುಗಿನ ಮನೆಯವರು ಎಂದು ನನಗೆ ತಿಳಿಯಲು ಒಂದು ವರ್ಷ ಹಿಡಿಯಿತು. ಗೌರಿಬಿದನೂರಿನಾಚೆ ನಗರಗೆರೆಯ ಹತ್ತಿರದ ಹಳ್ಳಿ, ತಲೆಮಾರುಗಳಿಂದ ಬೇಸಾಯದ ಮನೆ. ಹೊಲದಲ್ಲಿ, ಕೊಟ್ಟಿಗೆಯಲ್ಲಿ, ಹಜಾರದಲ್ಲಿ ಎಲ್ಲ ಕಡೆ ತೆಲುಗೇ. ಆ ಮನೆಯಿಂದ ಮೊದಲು ಹೊರಬಿದ್ದು, ಮೈಸೂರಿಗೆ ಹೋಗಿ, ಯಾರ ಯಾರದೋ ಮನೆಯಲ್ಲಿ ವಾರಾನ್ನ ಉಂಡು ಪಂಡಿತ ಪರೀಕ್ಷೆ ಪಾಸು ಮಾಡಿದವರು ಇವರು. ಅವರು ಮಾತಾಡಿದರೆ ಅಚ್ಚುಹಾಕಿದ ಹಾಗೆ ಇರುತ್ತಿತ್ತು. ಪೂರ್ಣವಿರಾಮ ಕೂಡ ಕೇಳಿಸುತ್ತಿತ್ತು. ಒಂದು ದಿನ ಸ್ಟಾಫ್ ರೂಮಿನ ಹೊಸ್ತಿಲು ಎಡವಿ ಹೆಬ್ಬೆರಳಿನ ಉಗುರು ಕಿತ್ತುಕೊಂಡಾಗ ಮಾತ್ರ "ಅಮ್ಮೋ, ಸಚ್ಚಿಪೋತಿ" ಎಂದು ಕೂಗಿಕೊಂಡರು. ಸತ್ತೆ ಎಂದು. ಡ್ರಿಲ್ ಮೇಷ್ಟ್ರು ಅರಿಶಿನ ತರುವ ನೆಪದಲ್ಲಿ ಹೊರಗೆ ಹೋಗಿ ಹೊಟ್ಟೆತುಂಬ ನಕ್ಕು ಬಂದರು. ಮಾಳಿಗೆ ಕಟ್ಟಿಸಿದವನು ಗುಡಿಸಲಿನ ಕಡೆ ತಿರುಗಿ ನೋಡುವುದಿಲ್ಲ ಎನ್ನುತ್ತಾರೆ. ನಮ್ಮ ಪಂಡಿತರು ತಿರುಗಿ ನೋಡುತ್ತಿದ್ದರು, ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು.

ಅವರ ಹೆಂಡತಿ ಗಡಿಯಾಚೆಯ ಊರಿನವರು. "ಇವಳು ಮಿತಭಾಷಿ" ಎಂದು ಪಂಡಿತರು ನನಗೆ ಪರಿಚಯ ಮಾಡಿಸಿದರು. ಆಕೆ ಮಿತಭಾಷಿಯಾಗಿರಲಿಲ್ಲ. ಗಂಡ ಮನೆಯಲ್ಲಿಲ್ಲದಾಗ ಹೋದರೆ ಒಂದು ಲೋಟ ಮಜ್ಜಿಗೆ ಮುಗಿಯುವುದರೊಳಗೆ ಮಗನನ್ನು ಕರೆಯುವಂತೆ "ನಾಯನಾ" ಎನ್ನುತ್ತಾ ಬೀದಿಯ ಸುದ್ದಿಯನ್ನೆಲ್ಲ ತೆಲುಗಿನಲ್ಲಿ ಹೇಳಿ, ಸೆರಗನ್ನು ಬಾಯಿಗೆ ಒತ್ತಿಕೊಂಡು ಮೈ ಅಲುಗುವಂತೆ ನಗುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ನಗು ಪೂರ್ತಿ ತಿಳಿಯುತ್ತಿತ್ತು. ಆಕೆಗೆ ಕನ್ನಡ ಅರ್ಥವಾಗುತ್ತಿತ್ತು, ಆದರೆ ಆಡುತ್ತಿರಲಿಲ್ಲ. ಆಡಿದರೆ ತಪ್ಪು, ತಪ್ಪಿಗೆ ತಿದ್ದುಪಡಿ. ಗಂಡ ಕನ್ನಡದಲ್ಲಿ ಕೇಳುವುದು, ಹೆಂಡತಿ ತಗ್ಗಿದ ದನಿಯಲ್ಲಿ ತೆಲುಗಿನಲ್ಲಿ ಉತ್ತರಿಸುವುದು, ಹೀಗೆ ಇಪ್ಪತ್ತು ವರ್ಷದ ದಾಂಪತ್ಯ ನಡೆದಿತ್ತು. ಮಕ್ಕಳಿರಲಿಲ್ಲ.

ಇನ್ನು ಡಾಕ್ಟರು. ಊರಿನಲ್ಲಿ ಖಾಸಗಿಯಾಗಿ ಶಾಪು ಇಟ್ಟುಕೊಂಡು ವೈದ್ಯ ಮಾಡುತ್ತಿದ್ದ ಇವರೂ ಮೈಸೂರಿನ ಕಡೆಯವರೇ, ತೆಲುಗು ಒಂದಕ್ಷರ ಬಾರದು. ಮನಶ್ಶಾಸ್ತ್ರದ ಒಂದು ದಪ್ಪ ಪುಸ್ತಕ ಓದಿಕೊಂಡಿದ್ದರು. ಅಂದಿನಿಂದ ಮನುಷ್ಯನ ಕಾಯಿಲೆಯಲ್ಲಿ ಮುಕ್ಕಾಲು ಪಾಲು ಮನಸ್ಸಿನದು ಎಂದು ನಂಬಿದ್ದರು. ಚೇಳು ಕಚ್ಚಿ ಬಂದವನನ್ನೂ "ಮನೇಲಿ ಏನಾದ್ರೂ ಬೇಜಾರಿದೆಯೇನಪ್ಪ" ಎಂದು ವಿಚಾರಿಸಿದರು ಎಂದು ಊರು ಹೇಳುತ್ತಿತ್ತು. ಊರು ಹೇಳುವುದರಲ್ಲಿ ಅರ್ಧ ಕಳೆದರೂ ಚೇಳಂತೂ ನಿಜ.

ಅರ್ಥದ ಹುಚ್ಚಿನವರೊಬ್ಬರು, ಮನಸ್ಸಿನ ಹುಚ್ಚಿನವರೊಬ್ಬರು. ಇಬ್ಬರೂ ಸೇರಿದ ಮೇಲೆ ಒಂದು ಪದಕೋಶ ಹುಟ್ಟದೆ ಇರುತ್ತದೆಯೇ? ಭಾನುವಾರ ಬೆಳಿಗ್ಗೆ ಡಾಕ್ಟರ ಶಾಪಿನ ಜಗುಲಿಯಲ್ಲಿ ಕೂತು ಇಬ್ಬರೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಪ್ರತಿ ಪದಕ್ಕೂ ಮೂರು ಕಾಲಂ: ವೈದ್ಯದಲ್ಲಿ ಏನು ಅರ್ಥ, ಮನಶ್ಶಾಸ್ತ್ರದಲ್ಲಿ ಏನು, ಲೋಕರೂಢಿಯಲ್ಲಿ ಏನು. ವಿಜ್ಞಾನದ ಮೇಲ್ವಿಚಾರಣೆಗೆಂದು ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು, ಅಂದರೆ ಕಾಫಿ ಹೇಳಿಬರಲು. ಅಕಾರ ಮುಗಿಯಲು ಎಂಟು ತಿಂಗಳಾಯಿತು. "ಆಘಾತ" ಒಂದೇ ಇಡೀ ಒಂದು ಭಾನುವಾರ ನುಂಗಿತು. ಡಾಕ್ಟರಿಗೆ ಅದು ಪೆಟ್ಟು ಬಿದ್ದವನ ರಕ್ತದೊತ್ತಡ ಕುಸಿದು ಮೈ ತಣ್ಣಗಾಗುವ ಸ್ಥಿತಿ, ಅವರ ದಪ್ಪ ಪುಸ್ತಕಕ್ಕೆ ಅದು ಮನಸ್ಸು ತಾಳಲಾರದ ಏಟು, ಬೀದಿಯವರಿಗೆ ಸೊಸೆ ಎದುರುತ್ತರ ಕೊಟ್ಟರೂ ಆಘಾತವೇ. ಮೂರೂ ಒಂದೇ ಪದದಲ್ಲಿ ಹೇಗೆ ಸಂಸಾರ ಮಾಡುತ್ತವೆ ಎಂದು ಇಬ್ಬರೂ ಬೆರಗಾದರು.

ಅದರ ಮುಂದಿನ ವಾರ "ಆಯಾಸ" ಬಂತು. ಪಂಡಿತರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದರು. ಒಂದು, ವೈದ್ಯ: ಸ್ನಾಯುಗಳ ದಣಿವು. ಎರಡು, ಮನಶ್ಶಾಸ್ತ್ರ: ಮನಸ್ಸಿನ ಬಳಲಿಕೆ. ಮೂರು, ಲೋಕರೂಢಿ: ಸುಸ್ತು. ಬರೆದು ಪೆನ್ನಿನ ಮುಚ್ಚಳ ಹಾಕುವಾಗ ನಾನು ಬಾಯಿ ಹಾಕಿದೆ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ನೀರಿನ ಬಿಂದಿಗೆ ಹೊತ್ತು ಬಂದು, ಮೆಟ್ಟಿಲ ಮೇಲೆ ಕುಸಿದು ಕೂತು, ಎದೆ ಹಿಡಿದುಕೊಂಡು ಏದುಸಿರು ಬಿಡುತ್ತಾ "ಆಯಾಸಂ" ಎನ್ನುತ್ತಿದ್ದಳು. ಇಲ್ಲಿಯವರಿಗೆ ಆಯಾಸವೆಂದರೆ ಉಸಿರು ಸಿಗದಿರುವುದಲ್ಲವೇ ಎಂದು ಪಂಡಿತರನ್ನು ಮೆಲುದನಿಯಲ್ಲಿ ಕೇಳಿದೆ.

"ಬೀಎಸ್ಸಿ" ಎಂದರು ಪಂಡಿತರು, "ಇದು ಕೋಶ, ಧರ್ಮಛತ್ರವಲ್ಲ. ಬಂದವರಿಗೆಲ್ಲ ಜಾಗ ಕೊಡಲಾಗದು."

ನನ್ನ ಮಾತು ಕಿವಿಗೆ ಬೀಳದ ಡಾಕ್ಟರು ಏನದು ಎಂದು ಕುತೂಹಲದಿಂದ ಕೇಳಿದರು. ಅನ್ಯಭಾಷೆಯ ಅಪಪ್ರಯೋಗ, ನಮಗೆ ಸಂಬಂಧವಿಲ್ಲ ಎಂದು ಪಂಡಿತರು ಪುಟ ತಿರುಗಿಸಿ "ಆರೋಗ್ಯ" ಎಂದು ಬರೆದರು.

ಎರಡು ಮೂರು ತಿಂಗಳು ಕಳೆದಿರಬೇಕು. ದಸರಾ ರಜೆ. ಒಂದು ಬೆಳಿಗ್ಗೆ ನಾನು ಡಾಕ್ಟರ ಶಾಪಿನಲ್ಲಿ ಕೋಶದ ಶುದ್ಧಪ್ರತಿ ಮಾಡುತ್ತಿದ್ದಾಗ ಪಂಡಿತರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಬಡವಾಗಿದ್ದರು. ಎರಡು ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಂತರು. ಡಾಕ್ಟರು ಕೂರಿಸಿ, ಏನಾಗುತ್ತದೆ ಎಂದು ಕೇಳಿದರು. ಆಕೆ ಗಂಡನ ಮುಖ ನೋಡಿದರು, ನೆಲ ನೋಡಿದರು, ಆಮೇಲೆ "ಆಯಾಸಂಗಾ ಉಂದಿ" ಎಂದರು.

"ಆಯಾಸವೆನ್ನುತ್ತಾಳೆ" ಎಂದು ಪಂಡಿತರು ಭಾಷಾಂತರಿಸಿದರು.

ಡಾಕ್ಟರ ಮುಖ ಅರಳಿತು. ತಾವೇ ಕೂತು ಬರೆದ ಪದ ರೋಗಿಯ ಬಾಯಲ್ಲಿ ಬರುವುದೆಂದರೆ ಸಾಮಾನ್ಯವೇ? "ಯಾವ ಕಾಲಮ್ಮು ಪಂಡಿತರೇ?" ಎಂದು ಕೇಳಿದರು.

"ಒಂದೂ ಎರಡೂ ಕೂಡಿರುವಂತೆ ತೋರುತ್ತದೆ."

ಇಬ್ಬರೂ ನಕ್ಕರು. ಒಳ್ಳೆಯ ಹಾಸ್ಯ. ಅದನ್ನು ನಾನು ಇಷ್ಟು ವರ್ಷದಲ್ಲಿ ಸಾವಿರ ಸಲ ಕೇಳಿಸಿಕೊಂಡಿದ್ದೇನೆ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು "ಪಡುಕುಂಟೇ" ಎಂದು ಇನ್ನೇನೋ ಹೇಳಹೊರಟರು. ಮಲಗಿದರೆ ಎಂದು. ಮಲಗಿದರೆ ಏನಾಗುತ್ತದೆ ಎಂಬುದು ಬರುವ ಮೊದಲೇ ಪಂಡಿತರು ಅವರ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ದಣಿವು ಅನ್ನು" ಎಂದರು. ಆಕೆ ಬಾಯಿ ಮುಚ್ಚಿದರು.

ಡಾಕ್ಟರು ಸ್ಟೆತಾಸ್ಕೋಪನ್ನು ಸೆರಗಿನ ಮೇಲಿಂದಲೇ ಇಟ್ಟು, ಪಕ್ಕದ ಮನೆಯ ರೇಡಿಯೋ ಕೇಳುವವರಂತೆ ಕೇಳಿದರು. ಮಕ್ಕಳಿಲ್ಲವೆಂಬುದನ್ನು ನೆನಪು ಮಾಡಿಕೊಂಡು, ಅರ್ಥಪೂರ್ಣವಾಗಿ ತಲೆಯಾಡಿಸಿದರು. ಎರಡನೇ ಕಾಲಂ ಗೆದ್ದಿತು. ಒಂದು ಟಾನಿಕ್ಕು, ಪೂರ್ಣ ವಿಶ್ರಾಂತಿ. ನಾನು ಆಗ ಏನು ಮಾಡಿದೆ ಎಂದು ಕೇಳಬಹುದು. ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡಿದೆ. ಪದವೀಧರನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಾಲ್ಕು ದಿನಕ್ಕೆ ಆಕೆಗೆ ಎದ್ದು ಅಡಿಗೆಮನೆಗೆ ಹೋಗುವುದೂ ಆಗದಾಯಿತು. ಇಷ್ಟು ಆಯಾಸವಿದ್ದರೆ ಗ್ಲೂಕೋಸ್ ಏರಿಸಿಬಿಡೋಣ ಎಂದರು ಡಾಕ್ಟರು. ಆ ಶುಕ್ರವಾರ ಮಧ್ಯಾಹ್ನ ಶಾಪಿನ ಹಿಂದಿನ ಕೋಣೆಯಲ್ಲಿ, ದಿಂಬಿಲ್ಲದ ಮಂಚದ ಮೇಲೆ ಅಂಗಾತ ಮಲಗಿಸಿ, ತೋಳಿಗೆ ಸೂಜಿ ಚುಚ್ಚಿ, ಕಬ್ಬಿಣದ ಕೋಲಿಗೆ ಗಾಜಿನ ಬಾಟಲಿ ನೇತುಹಾಕಿದರು. ನನ್ನ ಕೈಯಲ್ಲಿ ಗಡಿಯಾರವಿದ್ದುದರಿಂದ ಹನಿ ಎಣಿಸುವ ಕೆಲಸ ನನಗೆ ಬಂತು. ವಿಜ್ಞಾನಕ್ಕೆ ಕೊನೆಗೂ ಒಂದು ಪಾತ್ರ ಸಿಕ್ಕಿತು.

ಸ್ವಲ್ಪ ಹೊತ್ತಿಗೆ ಆಕೆ "ಆಯಾಸಂ" ಎಂದರು. ಮುಂದಿನ ಕೋಣೆಯಿಂದ ಡಾಕ್ಟರು ಬಂದು, "ಅದಕ್ಕೇ ಅಲ್ವೇನಮ್ಮ ಗ್ಲೂಕೋಸ್ ಕೊಡ್ತಿರೋದು" ಎಂದು ಸಮಾಧಾನ ಹೇಳಿ, ಕೊಳವೆಯ ಕ್ಲಿಪ್ಪನ್ನು ಇನ್ನಷ್ಟು ಸಡಿಲಿಸಿ ಹೋದರು. ಹನಿ ಚುರುಕಾಯಿತು. ಆಕೆ ಮತ್ತೆ ಅದೇ ಮಾತು ಹೇಳಿದರು. ಆ ಕೋಣೆಯಲ್ಲಿ ಆಕೆ ಎಷ್ಟು ಸಲ ಕಾಯಿಲೆಯ ಹೆಸರು ಹೇಳಿದರೋ ಅಷ್ಟು ಸಲ ನಾವು ಅದಕ್ಕೆ ನೀರೆರೆಯುತ್ತಿದ್ದೆವು.

ಮೊಣಕೈ ಊರಿ ಏಳಲು ನೋಡಿದರು. ಪಂಡಿತರು ಭುಜ ಹಿಡಿದು ಮೆಲ್ಲಗೆ ಮಲಗಿಸಿದರು. "ಅಲುಗಾಡಬಾರದು. ಸೂಜಿ ಕದಲುತ್ತದೆ." ಆಕೆ "ಲೇಪಂಡಿ" ಎಂದರು. ಎತ್ತಿ ಕೂರಿಸಿ ಎಂದು. ಅದಕ್ಕೆ ನನಗೂ ಕೋಶ ಬೇಕಾಗಿರಲಿಲ್ಲ. ಪಂಡಿತರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಐವತ್ತೆರಡು, ಐವತ್ತಮೂರು. ಕೊಳವೆಯಿಂದ ಕಣ್ಣಿಳಿಸಿ ಆಕೆಯ ಬೆರಳು ನೋಡಿದಾಗ ಉಗುರುಗಳು ಹಣ್ಣಾದ ಹಿಪ್ಪುನೇರಳೆಯ ಬಣ್ಣಕ್ಕೆ ತಿರುಗಿದ್ದವು. ಆದರೂ ಎಣಿಸಿದೆ. ಐವತ್ತನಾಲ್ಕು.

ಆಗಲೇ ಆ ಸದ್ದು ಶುರುವಾಗಿತ್ತು. ಬಿಸಿನೀರಿನ ಬಾಣಲೆಯಲ್ಲಿ ಗೂಡು ಕುದಿಯುವಾಗ ಬರುತ್ತದಲ್ಲ, ಗುಳುಗುಳು ಎಂದು, ಹಾಗೆ. ಶಾಪಿನ ಹಿಂಗೋಡೆಗೆ ಅಂಟಿಕೊಂಡಂತೆ ಒಬ್ಬ ಸಾಹೇಬರ ಚರಕದ ಮನೆ ಇತ್ತು. ರೇಷ್ಮೆ ಬಿಚ್ಚುವ ಬಾಣಲೆಗಳು ದಿನವೆಲ್ಲ ಕುದಿಯುವ ಜಾಗ. ಸದ್ದು ಗೋಡೆಯಾಚೆಯದು ಎಂದುಕೊಂಡೆ. ಪೂರ್ತಿ ಒಂದು ನಿಮಿಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ಅಂದು ಶುಕ್ರವಾರ, ಮಧ್ಯಾಹ್ನ ಚರಕಗಳು ನಿಂತಿರುತ್ತವೆ ಎಂಬುದು ಹೊಳೆಯಿತು. ಕುದಿಯುತ್ತಿದ್ದದ್ದು ಮಂಚದ ಮೇಲೆ.

ನಮಾಜು ಮುಗಿಸಿ ಬಂದ ಆ ಚರಕದ ಸಾಹೇಬರು ತಲೆನೋವಿನ ಮಾತ್ರೆಗೆಂದು ಶಾಪಿಗೆ ಬಂದಿದ್ದರು. ಸದ್ದು ಕೇಳಿ ಒಳಕೋಣೆಯ ಬಾಗಿಲಿಗೆ ಬಂದರು. ಹೆಣ್ಣುಮಗಳು ಮಲಗಿದ್ದಾಳೆಂದು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ನಿಂತು, "ಯಾಕ್ ಮಲಗ್ಸಿದ್ದೀರಾ ಅಮ್ಮನವ್ರನ್ನ? ದಮ್ಮು ಹತ್ತಿದೆ. ಕೂರ್ಸಿ ಪಂಡಿತ್ರೇ, ಮೊದ್ಲು ಎತ್ತಿ ಕೂರ್ಸಿ" ಎಂದರು.

ಕೋಶದಲ್ಲಿಲ್ಲದ ಪದ. ಏಳನೇ ಕ್ಲಾಸೂ ಓದದ ಮನುಷ್ಯ ಹೇಳಿದ್ದು. ಪಂಡಿತರ ಒಳಗೆ ಏನು ಕಳಚಿತೋ, ಹೆಂಡತಿಯನ್ನು ಮೂಟೆಯಂತೆ ಬಾಚಿ ಎತ್ತಿ ಎದೆಗೆ ಒರಗಿಸಿಕೊಂಡರು. ಆಕೆಯ ತುಟಿಯಂಚಿನಲ್ಲಿ ನಸುಗೆಂಪು ನೊರೆ. "ಡಾಕ್ಟರುಗಾರೂ, ಊಪಿರಾಡಲೇದು, ಊಪಿರಾಡಲೇದು" ಎಂದು ಕೂಗಿದರು. ಉಸಿರಾಡುತ್ತಿಲ್ಲ ಎಂದು, ತೆಲುಗಿನಲ್ಲಿ, ತೆಲುಗು ಒಂದಕ್ಷರ ಬಾರದ ಡಾಕ್ಟರಿಗೆ. ಊರಿನ ಭಾಷೆಯನ್ನೆಲ್ಲ ತಿದ್ದಿದ ಮನುಷ್ಯ ಒಂದೇ ಸಲ ಮನಸ್ಸು ಬಿಚ್ಚಿ ಮಾತಾಡಿದಾಗ ಕೇಳುವವನಿಗೆ ಅರ್ಥವಾಗದ ಹಾಗೆ ಮಾತಾಡಿದರು.

ಡಾಕ್ಟರನ್ನು ನಾನು ಎಷ್ಟು ಬೇಕಾದರೂ ಆಡಿಕೊಳ್ಳಬಹುದು, ಆದರೆ ಅವರು ಆ ಕೂಗಿನ ಅರ್ಥಕ್ಕೆ ಕಾಯಲಿಲ್ಲ. ಓಡಿಬಂದು ನೋಡಿದ ಕ್ಷಣಕ್ಕೆ ಎಲ್ಲ ತಿಳಿಯಿತು. ಕಣ್ಣಿಗೆ ಕಂಡಮೇಲೆ ಅವರಿಗೆ ಪದ ಬೇಕಾಗಲಿಲ್ಲ. ಸೂಜಿ ಕಿತ್ತರು, ಇನ್ನೊಂದು ಇಂಜೆಕ್ಷನ್ ಕೊಟ್ಟರು. ಕೆಲಸ ಎಲ್ಲೂ ತಪ್ಪಲಿಲ್ಲ. ಸಾಹೇಬರು ಬೆಂಗಳೂರಿಗೆ ನೂಲು ಸಾಗಿಸುವ ತಮ್ಮ ವ್ಯಾನನ್ನು ಬಾಗಿಲಿಗೆ ತಂದು ನಿಲ್ಲಿಸಿದರು. ಒಳಗಿದ್ದ ರೇಷ್ಮೆ ಕಟ್ಟುಗಳನ್ನು ಇಳಿಸಲು ಹೊತ್ತಿರಲಿಲ್ಲ. ಆಕೆಯನ್ನು ಆ ಕಟ್ಟುಗಳಿಗೇ ಒರಗಿಸಿ ಕೂರಿಸಿದೆವು. ಹತ್ತು ನಿಮಿಷದ ಹಿಂದೆ ಒಂದು ದಿಂಬು ಕೊಡದವರು ಈಗ ತಾಲ್ಲೂಕಿನಲ್ಲೇ ಬೆಲೆಬಾಳುವ ದಿಂಬು ಕೊಟ್ಟಿದ್ದೆವು.

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ದೂರವೇನಲ್ಲ. ಆದರೆ ಆ ರಸ್ತೆ ನನಗೆ ಇನ್ನೂ ಮುಗಿದಿಲ್ಲ. ಇಂದಿಗೂ ಬಸ್ಸಿನಲ್ಲಿ ಆ ದಾರಿ ಹಿಡಿದರೆ ಪಕ್ಕದವರ ಉಸಿರು ಎಣಿಸುತ್ತೇನೆ. ಆಕೆಯ ಕುತ್ತಿಗೆಯ ನರಗಳು ಹಗ್ಗದಂತೆ ಎದ್ದಿದ್ದವು. ಪ್ರತಿ ಉಸಿರನ್ನೂ ಆಳವಾದ ಬಾವಿಯಿಂದ ಸೇದುತ್ತಿದ್ದರು. ಒಂದು ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಮೂವರು ವಿದ್ಯಾವಂತರು ಬಾಯಿ ತೆರೆದುಕೊಂಡು ನೋಡುತ್ತಿದ್ದೆವು. ಸಾಹೇಬರು ಹಾರ್ನ್ ಒತ್ತುತ್ತಾ ಓಡಿಸುತ್ತಿದ್ದರು. ಅವರೊಬ್ಬರೇ ಉಪಯುಕ್ತವಾದ ಕೆಲಸ ಮಾಡುತ್ತಿದ್ದವರು.

ಅಲ್ಲಿನ ಆಸ್ಪತ್ರೆಯಲ್ಲಿ ಒಬ್ಬ ವಯಸ್ಸಾದ ವೈದ್ಯರು ಕೂರಿಸಿದ್ದಂತೆಯೇ ಕೂರಿಸಿ, ಮೂಗಿಗೆ ಆಮ್ಲಜನಕದ ಕೊಳವೆ ಇಟ್ಟು, ಎದೆಯನ್ನು ಬಹಳ ಹೊತ್ತು ಕೇಳಿದರು. ಹೃದಯದ ಒಂದು ಕವಾಟ ಬಹಳ ಹಿಂದಿನಿಂದಲೇ ಕಿರಿದಾಗಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ ಎಂದರು. ಎಷ್ಟು ದಿನದಿಂದ ಹೀಗಿದೆ, ಮಲಗಿದರೆ ಹೆಚ್ಚಾಗುತ್ತಿತ್ತೇ ಎಂದು ಕೇಳಿದರು. ನಮ್ಮ ಡಾಕ್ಟರು ಪಂಡಿತರ ಮುಖ ನೋಡಿದರು. ಪಂಡಿತರು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ತೆಲುಗಿನಲ್ಲಿ ಕೇಳಿದರು. ಮಾತಾಡಲಾರದೆ ಆಕೆ ಮೂರು ಬೆರಳು ಎತ್ತಿದರು.

"ಮೂರು ದಿನವಾ?" ಎಂದರು ವೈದ್ಯರು.

"ತಿಂಗಳು" ಎಂದರು ಪಂಡಿತರು. ಇದನ್ನು ಅವರು ಆಕೆಯಿಂದ ಕೇಳಿ ಹೇಳಲಿಲ್ಲ.

ಸಂಜೆ ಆಸ್ಪತ್ರೆಯ ಹೊರಗಿನ ಕಲ್ಲುಚಪ್ಪಡಿಯ ಮೇಲೆ ನಾವಿಬ್ಬರೇ ಕೂತಿದ್ದೆವು. ಗಂಡಾಂತರ ಕಳೆದಿದೆ ಎಂದು ಆಗತಾನೆ ಹೇಳಿದ್ದರು. ಪಂಡಿತರು ಅಚ್ಚುಹಾಕದ ಕನ್ನಡ ಆಡಿದ್ದನ್ನು ನಾನು ಮೊದಲ ಸಲ ಕೇಳಿದ್ದು ಅಲ್ಲಿ.

"ನಂಗೊತ್ತಿತ್ತು ಕಣಪ್ಪ" ಎಂದರು. "ನಮ್ಮಮ್ಮ ಹೋಗೋವಾಗ ಹೇಳ್ತಿದ್ದಿದ್ದೂ ಇದೇ ಮಾತು. ಗೋಡೆಗೆ ಒರಗಿಕೊಂಡು ಕೂತು, ಆಯಾಸಂ, ಆಯಾಸಂ ಅಂತ. ಇವಳೂ ಮೂರು ತಿಂಗಳಿಂದ ಹೇಳ್ತಾನೇ ಇದ್ಲು. ನಾನು ದಣಿವು ಅನ್ನೇ ಅಂತ ತಿದ್ದುತಾ ಇದ್ದೆ."

ಆ ಹೊತ್ತಿಗೆ ತಕ್ಕ ಒಂದು ಮಾತು ಹುಡುಕುತ್ತಿದ್ದೆ. ಅವರು ನನಗೆ ಆ ತೊಂದರೆ ಕೊಡಲಿಲ್ಲ.

"ನಿನಗೂ ಗೊತ್ತಿತ್ತಲ್ಲ, ಬೀಎಸ್ಸಿ."

ನಾನು ಮತ್ತೆ ಗಡಿಯಾರ ನೋಡಿದೆ.

ಪಶ್ಚಾತ್ತಾಪದಿಂದ ಮನುಷ್ಯ ಹೊಸಬನಾಗುತ್ತಾನೆ ಎಂದು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ನಮ್ಮ ಪಂಡಿತರು ಅಷ್ಟು ಸುಲಭವಾಗಿ ಪಾಠಕ್ಕೆ ಸಿಕ್ಕುವವರಲ್ಲ. ರಜೆ ಮುಗಿದು ಶಾಲೆ ತೆರೆದ ದಿನವೇ ಡ್ರಿಲ್ ಮೇಷ್ಟ್ರ ಸೋಮಾರಿ ಬಸ್ಸಿನ ಆರೋಗ್ಯ ವಿಚಾರಿಸಿದರು. ಕೆಂಪು ಪೆನ್ಸಿಲು ಮೊದಲಿನಂತೆ ಸವೆಯಿತು. ಡಾಕ್ಟರೂ ಮನಸ್ಸಿನ ಪುಸ್ತಕವನ್ನು ಬಿಡಲಿಲ್ಲ. ಆದರೆ ಯಾರೇ ಬಂದು ಏನೇ ಕಾಯಿಲೆಯ ಹೆಸರು ಹೇಳಿದರೂ, "ಹೆಸರು ಬೇಡಪ್ಪ, ಎಲ್ಲಿ, ಏನಾಗುತ್ತೆ, ಕೈಯಲ್ಲಿ ತೋರ್ಸು" ಎನ್ನತೊಡಗಿದರು. ಅವರ ಶಾಪಿನ ಬಾಗಿಲಲ್ಲಿ ನಿಂತು ನೋಡಿದರೆ ಒಳಗೆ ಮೂಕನಾಟಕ ನಡೆಯುತ್ತಿದೆ ಎನಿಸುತ್ತಿತ್ತು.

ಪದಕೋಶ ಆಕಾರದಲ್ಲೇ ನಿಂತಿತು. ನಿಲ್ಲುವ ಮುನ್ನ ಅದಕ್ಕೆ ಒಂದು ಸೇರ್ಪಡೆಯಾಗಿತ್ತು. ಶುದ್ಧಪ್ರತಿ ಹಿಂತಿರುಗಿಸಲು ಹೋದಾಗ ನೋಡಿದೆ. "ಆಯಾಸ"ದ ಮೂರು ಕಾಲಮ್ಮುಗಳ ಪಕ್ಕದಲ್ಲಿ, ಅಂಚಿನ ಇಕ್ಕಟ್ಟಿನಲ್ಲಿ, ಅದೇ ಮುತ್ತಿನಂಥ ಅಕ್ಷರ: "ನಾಲ್ಕು, ಮನೆಮಾತು: ಏದುಸಿರು. ಮಲಗಿದರೆ ಹೆಚ್ಚು. ಕೂಡಲೇ ಎತ್ತಿ ಕೂರಿಸುವುದು." ಅರ್ಥದ ಜೊತೆಗೆ ಅಪ್ಪಣೆಯನ್ನೂ ಬರೆದ ಕೋಶ ಬೇರೆ ಎಲ್ಲೂ ಇರಲಾರದು. ಕೆಂಪಿನಲ್ಲಿ ಬರೆದಿದ್ದರು. ತಿದ್ದಿದ್ದು ಯಾರನ್ನು ಎಂದು ನಾನು ಕೇಳಲಿಲ್ಲ.

ಇನ್ನೊಂದು ಸಣ್ಣ ಬದಲಾವಣೆ. ಅವರ ಮನೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಗಂಡ ಹೆಂಡತಿ ಜಗಳವಾಡುವುದು ಕೇಳಿಸುತ್ತಿತ್ತು. ಗಟ್ಟಿಯಾಗಿ, ಸರಿಸಮನಾಗಿ, ಇಬ್ಬರೂ ತೆಲುಗಿನಲ್ಲಿ. ಮಧ್ಯೆ ಮಧ್ಯೆ ಆಕೆಯ ನಗು. ಇಪ್ಪತ್ತು ವರ್ಷದ ಜಗಳ ಬಾಕಿ ಇದ್ದುದರಿಂದ ಬೇಗ ಮುಗಿಯುವ ಲಕ್ಷಣವಿರಲಿಲ್ಲ. ಆಕೆ ಮೂರು ದಿಂಬು ಇಟ್ಟು ಒರಗಿಕೊಂಡು ಮಲಗುತ್ತಿದ್ದರು, ಉಪ್ಪು ಕಡಿಮೆ ಮಾಡಿದ್ದರು, ತಿಂಗಳಿಗೊಮ್ಮೆ ಚಿಕ್ಕಬಳ್ಳಾಪುರಕ್ಕೆ ಹೋಗಿಬರುತ್ತಿದ್ದರು. ಪಂಡಿತರು ಜೊತೆಗೆ ಹೋಗಿ, ವೈದ್ಯರ ಎದುರು ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರಂತೆ. ಇದು ಅವರ ಜೀವನದ ಅತ್ಯಂತ ಕಠಿಣ ತಪಸ್ಸು ಎಂದು ಆಕೆ ನನಗೆ ಹೇಳಿದ್ದರು.

ಅರವತ್ತರ ದಶಕದ ಮಧ್ಯದಲ್ಲಿ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಪಂಡಿತರು ನಿವೃತ್ತರಾದರು. ಆಗಾಗ ಕಾಗದ ಬರೆಯುತ್ತಿದ್ದೆ. ಉತ್ತರ ಬರುತ್ತಿರಲಿಲ್ಲ, ನನ್ನ ಕಾಗದವೇ ನೀಲಿಯಲ್ಲಿ ತಿದ್ದಿಕೊಂಡು ವಾಪಸು ಬರುತ್ತಿತ್ತು. ಅವರಾಗಿಯೇ ಬರೆದದ್ದು ಒಂದೇ ಒಂದು ಕಾರ್ಡು. ನಾನು ಮನೆ ಬದಲಾಯಿಸಿದ್ದರಿಂದ ಅದು ಹಳೆಯ ವಿಳಾಸದಲ್ಲಿ ಸುತ್ತಿ, ಅವರ ಸಾವಿನ ಸುದ್ದಿ ಬಂದ ದಿನವೇ ಬಂತು. ಡ್ರಿಲ್ ಮೇಷ್ಟ್ರ ಬಸ್ಸಿನ ಹಾಗೆ. ಅದರಲ್ಲಿದ್ದದ್ದು ಎರಡು ಸಾಲು.

"ಬೀಎಸ್ಸಿಗೆ ಆಶೀರ್ವಾದಗಳು. ಎಂಟು ದಿನದಿಂದ ನನಗೆ ಆಯಾಸ, ನಾಲ್ಕನೆಯ ಅರ್ಥದಲ್ಲಿ."

ಶ್ರದ್ಧಾಂಜಲಿ ಸಭೆ ಮುಗಿದ ಮೇಲೆ ಅವರ ಮನೆಗೆ ಹೋದೆ. ಆಕೆ ಗೋಡೆಗೆ ಮೂರು ದಿಂಬು ಇಟ್ಟು ಒರಗಿ ಕೂತಿದ್ದರು. ಆ ದಿಂಬುಗಳಲ್ಲಿ ಎರಡನ್ನು ಕೊನೆಯ ವಾರದಲ್ಲಿ ಗಂಡನಿಗೆ ಬಿಟ್ಟುಕೊಟ್ಟಿದ್ದರಂತೆ. ಅವರನ್ನು ಎತ್ತಿ ಕೂರಿಸಿದ್ದು, ಡಾಕ್ಟರನ್ನು ಕರೆಸಿದ್ದು, ಏನಾಗುತ್ತಿದೆ ಎಂದು ಕೈಯಲ್ಲಿ ತೋರಿಸಿ ಹೇಳಿದ್ದು ಎಲ್ಲ ಆಕೆಯೇ. ಹೇಳುವುದರಲ್ಲಿ ಯಾವ ತಪ್ಪೂ ಆಗಿರಲಿಲ್ಲ. ಅವರಿಗೆ ವಯಸ್ಸಾಗಿತ್ತು, ಅಷ್ಟೇ.

ಸಭೆಯಲ್ಲಿ ಏನಂದರು ಎಂದು ತೆಲುಗಿನಲ್ಲಿ ಕೇಳಿದರು. ಏನು ಹೇಳುವುದು? ಇದ್ದದ್ದನ್ನು ಹೇಳಿದೆ. ಅವರಿಗೆ ಆಯಾಸ ಎಂಬ ಪದದ ಅರ್ಥವೇ ಗೊತ್ತಿರಲಿಲ್ಲ ಎಂದರಮ್ಮಾ ಎಂದೆ.

ಆಕೆ ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭುಜ ಅಲುಗಿತು, ಕುತ್ತಿಗೆಯ ನರ ಎದ್ದಿತು, ಉಸಿರು ಮೇಲೆ ಮೇಲೆ ಬಂತು, ಎದೆಯೊಳಗೆ ಏನೋ ಗುಳುಗುಳು ಎಂದಂತಾಯಿತು. ನಾನು ಎದ್ದುಬಿಟ್ಟೆ. ಲೋಟ ಉರುಳಿತು. ಮೂಲೆಯಲ್ಲಿದ್ದ ಇನ್ನೊಂದು ದಿಂಬು ನನ್ನ ಕೈಗೆ ಬಂದಿತ್ತು, ಬಾಯಲ್ಲಿ ಸಾಹೇಬರನ್ನು ಕರೆಯುವ ಮಾತು ಬಂದಿತ್ತು.

ಆಕೆ ಕೈಯಾಡಿಸಿ ಕೂರುವಂತೆ ಸನ್ನೆ ಮಾಡಿದರು. ಕಣ್ಣೊರೆಸಿಕೊಂಡು, ಉಸಿರು ಸುಧಾರಿಸಿಕೊಂಡು, ಅಷ್ಟು ವರ್ಷದಲ್ಲಿ ಮೊದಲ ಸಲ ನನ್ನೊಡನೆ ಕನ್ನಡದಲ್ಲಿ ಮಾತಾಡಿದರು.

"ಕೂತ್ಕೋ ನಾಯನಾ. ಇದು ಆಯಾಸ ಅಲ್ಲ, ನಗು."